ಠಾಣೆಗೆ ಒಪ್ಪಿಸಿದ ಕೋವಿ ತುಕ್ಕು ಹಿಡಿದು ಬಂತು

ಮಾನ್ಯರೇ,

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಬೆಲ್ಜಿಯಂ ಬ್ರೌನಿಂಗ್ ಆಟೋ-5 ಕೋವಿಯಿದೆ. ನಳಿಗೆಯ ಅಳತೆ 12 ಬೋರ್, ಲೈಸೆನ್ಸ್ ನನ್ನ ಹೆಸರಿನಲ್ಲಿದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಯಾರೂ ಬೇಟೆಗೆ ಹೋದವರಲ್ಲ. ಅದು ಅಜ್ಜನ ನೆನಪು, ಅಷ್ಟೇ.

ಜಾನ್ ಬ್ರೌನಿಂಗ್ ರೂಪಿಸಿದ ಈ ಕೋವಿಯಲ್ಲಿ ಗುಂಡು ಹಾರಿದಾಗ ನಳಿಗೆಯೇ ಹಿಂದಕ್ಕೆ ಜರುಗಿ, ಖಾಲಿ ತೋಟೆ ಹೊರಬಿದ್ದು ಮುಂದಿನದು ತುಂಬಿಕೊಳ್ಳುತ್ತದೆ. ಆ ಒದೆತ ತಡೆಯುವುದು ಮುಂದಿನ ಮರದ ಹಿಡಿಯೊಳಗಿನ ಸ್ಪ್ರಿಂಗು, ಒಂದು ಕಂಚಿನ ಬಳೆ, ಒಂದು ಉಕ್ಕಿನ ಬಳೆ. ಅಲ್ಲಿ ಎಣ್ಣೆ ಹೆಚ್ಚಾದರೆ ಬಳೆಯ ಹಿಡಿತ ಜಾರಿ, ಹೊಡೆತಕ್ಕೆ ಮರ ಸೀಳುತ್ತದೆ. ಅಜ್ಜ ಬಟ್ಟೆಗೆ ಎರಡೇ ಹನಿ ಹಾಕಿ ಒರೆಸುತ್ತಿದ್ದರು.

2024ರ ಲೋಕಸಭಾ ಚುನಾವಣೆಗೆ ಕೋವಿ ಲೈಸೆನ್ಸ್ ಇರುವ ಇತರರಂತೆ ನಾನೂ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿದೆ. ವಾಪಸ್ ಬಂದಾಗ ನಳಿಗೆಯ ಮೇಲೆ ತುಕ್ಕಿನ ಚುಕ್ಕೆಗಳು, ಬೆರಳಾಡಿಸಿದರೆ ತರಿತರಿ. ಹಿಡಿಯೊಳಗೆ ಎಣ್ಣೆ ಸುರಿದಿದ್ದರು. ನನಗೆ ಅಳುವೇ ಬಂತು. ರಶೀದಿಯಲ್ಲಿ ನಂಬರ್ ಬಿಟ್ಟರೆ ಕೋವಿಯ ಸ್ಥಿತಿಯ ಬಗ್ಗೆ ಒಂದಕ್ಷರವಿಲ್ಲ, ಯಾರನ್ನು ಕೇಳಲಿ?

ಚುನಾವಣೆಗೆ ಒಪ್ಪಿಸಲು ನಮ್ಮ ತಕರಾರಿಲ್ಲ. ಪಡೆಯುವಾಗ ಫೋಟೊ ತೆಗೆದು, ಸ್ಥಿತಿ ಬರೆದು ಇಬ್ಬರೂ ಸಹಿ ಹಾಕಲಿ. ತೇವದ ಗೋಡೆಗೆ ಒರಗಿಸದೆ ಒಣ ಜಾಗದಲ್ಲಿ, ಮರದ ಸ್ಟ್ಯಾಂಡಿನಲ್ಲಿಡಲಿ. ಮುಂದಿನ ಚುನಾವಣೆಗೆ ಮುಂಚೆಯೇ ಜಿಲ್ಲಾಡಳಿತ ಈ ಬಗ್ಗೆ ಆದೇಶ ಹೊರಡಿಸಬೇಕು.

– ಒಬ್ಬ ರೈತ, ಗಂಗಾವತಿ, ಕೊಪ್ಪಳ ಜಿಲ್ಲೆ