ಕೈ ಮಾಡದವನ ಹಿಂಸೆ

ಮಾನ್ಯ ಸಂಪಾದಕರೇ,

ನನ್ನ ತಂಗಿ ಇಬ್ಬರು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಾಗ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು: ‘ಅವನು ಕೈ ಮಾಡಿದನೇ?’ ಇಲ್ಲ ಎಂದಳು. ‘ಕುಡಿಯುತ್ತಾನೆಯೇ?’ ಅದೂ ಇಲ್ಲ. ‘ಮತ್ತೇನು ಕಷ್ಟ?’ ಎಂದು ಎದ್ದು ಹೋದರು. ಮೊದಲು ಹಾಗೆ ಕೇಳಿದವಳು ನಾನೇ. ಆ ನಾಚಿಕೆ ಇನ್ನೂ ಇದೆ.

ಸಾರಿಗೆ ಉಪ್ಪು ಹೆಚ್ಚಾಯಿತೆಂದು ಆತ 18 ದಿನ ಮಾತು ಬಿಟ್ಟಿದ್ದ. ಅವಳು ಬದಿಯಡ್ಕ ಪೇಟೆಗೆ ಹೋಗಿ ಬಂದರೆ ಬಸ್ ಟಿಕೆಟಿನಲ್ಲಿದ್ದ ಸಮಯ ನೋಡುತ್ತಿದ್ದ. ರಾತ್ರಿ ಮೊಬೈಲ್ ಅವನ ಕೈಗೆ ಕೊಟ್ಟೇ ಮಲಗಬೇಕು. ಹೊಲಿಗೆಯ ದುಡ್ಡೂ ಅವನಿಗೇ. ಮಕ್ಕಳ ಎದುರು ‘ದಂಡಪಿಂಡ’ ಎನ್ನುತ್ತಿದ್ದ. 6 ವರ್ಷದ ಮಗನೂ ತಾಯಿಯನ್ನು ಹಾಗೆಯೇ ಕರೆದ ದಿನ ಅವಳು ಹೊರಟು ಬಂದಳು. ನೆರೆಯವರು ಮಾತ್ರ ಅವನಿಗೆ ಹೆಂಡತಿಯ ಮೇಲೆ ಬಹಳ ಕಾಳಜಿ ಎಂದುಕೊಂಡಿದ್ದರು.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯ 3ನೇ ಸೆಕ್ಷನ್, ಹೊಡೆತದ ಜೊತೆಗೆ ಅವಮಾನ, ಹೀಯಾಳಿಕೆ, ಹಣ ಕೊಡದೆ ಸತಾಯಿಸುವುದನ್ನೂ ಹಿಂಸೆ ಎಂದೇ ಹೇಳಿದೆ. ಗಂಡು ಮಗು ಹುಟ್ಟಲಿಲ್ಲವೆಂದು ಚುಚ್ಚುವುದೂ ಅದರಲ್ಲಿದೆ. ಈ ಕಾಯ್ದೆಯಡಿ ನೇಮಕವಾದ ರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ತೊಡಕಿದೆ. ಪೆಟ್ಟಿನ ಗಾಯವನ್ನು ವೈದ್ಯರು ನೋಡಿ ಬರೆಯುತ್ತಾರೆ, ಅದಕ್ಕೆ ಭಾಷೆ ಬೇಡ. ಮಾತಿನ ಗಾಯಕ್ಕೆ ಆಡಿದ ಆ ಮಾತೇ ಸಾಕ್ಷಿ. ಒಂದು ಕಚೇರಿಯಲ್ಲಿ ತಂಗಿ ಅರ್ಧ ಗಂಟೆ ಕನ್ನಡದಲ್ಲಿ ಹೇಳಿಕೊಂಡದ್ದು ಮಲಯಾಳದ ಕಾಗದದಲ್ಲಿ ‘ಗಂಡ ಬೈಯುತ್ತಾನೆ’ ಎಂಬ ಒಂದು ಸಾಲಾಗಿತ್ತು. ದಂಡಪಿಂಡವಿಲ್ಲ, ಟಿಕೆಟಿಲ್ಲ, ಆ 18 ದಿನಗಳ ಮೌನವೂ ಇಲ್ಲ. ಓದಲು ಬಾರದ ಆ ಕಾಗದಕ್ಕೆ ಅವಳು ಸಹಿ ಹಾಕಿದ್ದಳು!

ಸರಕಾರದೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ಇಲ್ಲಿನ ಕನ್ನಡಿಗರಿಗೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಶಾಲೆಗಳಿಗಾಗಿ, ನಾಮಫಲಕಗಳಿಗಾಗಿ ಆ ಹಕ್ಕನ್ನು ನಾವು ಗಟ್ಟಿಯಾಗಿ ಕೇಳಿದ್ದೇವೆ. ಮನೆಯೊಳಗೆ ನೋಯುವ ಹೆಂಗಸರಿಗಾಗಿ ಕೇಳಿದ್ದು ಕಡಿಮೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಇಂಥ ದೂರು ಕೇಳುವ ಕಡೆ ಕನ್ನಡ, ತುಳು ಬಲ್ಲ ಆಪ್ತ ಸಮಾಲೋಚಕಿಯರು ಇರಲೇಬೇಕು. ಹೇಳಿಕೆಯನ್ನು ಹೇಳಿದ ಮಾತಿನಲ್ಲಿಯೇ ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು.

ತಂಗಿ ಮುಂದಿನ ತಿಂಗಳು ಮತ್ತೆ ಹೇಳಿಕೆ ಕೊಡಲಿದ್ದಾಳೆ. ಈ ಸಲ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡೇ ಹೋಗುತ್ತೇವೆ.

ಅವಳ ಸಲುವಾಗಿ ನನ್ನ ಹೆಸರನ್ನು ಪ್ರಕಟಿಸಬಾರದಾಗಿ ವಿನಂತಿ.

– ಓದುಗರೊಬ್ಬರು, ಬದಿಯಡ್ಕ