ಪಂಚಮಿಯನ್ನೇ ಮಾಡಿ, ಮಗಳೇ

ಪ್ರೀತಿಯ ಮಗಳೇ,

ನಿಮ್ಮೂರಿನ ಕನ್ನಡದವರೆಲ್ಲ ಸೇರಿ ಹೊಸದಾಗಿ ಒಂದು ಹಬ್ಬ ಶುರು ಮಾಡುತ್ತಿದ್ದೀರಿ ಅಂತ ಕೇಳಿ ತುಂಬಾ ಖುಷಿಯಾಯಿತು. ದೊಡ್ಡ ಹಾಲ್ ಹಿಡಿದು ಬೆಂಗಳೂರಿನಿಂದ ಸಿನಿಮಾ ಹಾಡುಗಾರರನ್ನು ಕರೆಸೋಣವಾ ಅಂತ ನೀನು ಕೇಳಿದ್ದೆ. ಬೇಡ. ಅಮೆರಿಕದಲ್ಲಿ ಅಂಥ ದೊಡ್ಡ ಮೇಳಕ್ಕೆ ಅಲ್ಲಿನ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ ಇದೆ. 2000ದಲ್ಲೇ ಹ್ಯೂಸ್ಟನ್‌ನಲ್ಲಿ ವಿಶ್ವ ಕನ್ನಡ ಸಮ್ಮೇಳನ ಮಾಡಿದವರು ಅವರು. ಅದೂ ಬೇಕು. ಆದರೆ ಒಂದೇ ಊರಲ್ಲಿದ್ದೂ ಒಬ್ಬರ ಮನೆ ಒಬ್ಬರಿಗೆ ಗೊತ್ತಿಲ್ಲ ಅಂದೆಯಲ್ಲ, ಅದು ಸ್ಟೇಜಿನಿಂದ ಸರಿಹೋಗುವುದಿಲ್ಲ. ಮೂರು ತಾಸು ಕತ್ತಲಲ್ಲಿ ಕೂತು ಎದ್ದರೆ ಪಕ್ಕದವರ ಹೆಸರೂ ತಿಳಿಯುವುದಿಲ್ಲ.

ನಾಗರ ಪಂಚಮಿ ಮಾಡಿ.

ನಮ್ಮ ಕಡೆ ಅದು ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆತರುತ್ತಾನೆ, ಮದುವೆಯಾಗಿ ಹೋದವಳು ತವರಿಗೆ ಬರುತ್ತಾಳೆ. ಅಲ್ಲಿ ನೀವೆಲ್ಲ ತವರು ಬಿಟ್ಟವರೇ, ಗಂಡಸರೂ ಸೇರಿ. ಓದಲು ಬಂದ ಹುಡುಗ, ಹೊಸದಾಗಿ ಬಂದ ಸೊಸೆ, ಮಗಳ ಬಾಣಂತನಕ್ಕೆ ಬಂದು ಮನೆಯೊಳಗೇ ಕೂತಿರುವ ಅವ್ವಂದಿರು, ಇವರನ್ನೆಲ್ಲ ಮನೆಗೇ ಹೋಗಿ ಕರೆಯಿರಿ. ಮೆಸೇಜ್ ಹಾಕಿ ಸುಮ್ನಾಗಬೇಡಿ.

ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬ ನೆನಪಿದೆಯಾ? ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಕ್ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಗುರೆಳ್ಳು ಚಟ್ನಿ. ತಾಟಿಗೆ ಬಟ್ಟೆ ಮುಚ್ಚಿ ಓಣಿಯ ಮನೆಮನೆಗೆ ನೀನೇ ಕೊಟ್ಟು ಬರುತ್ತಿದ್ದೆ. ಅವರ ರೊಟ್ಟಿ ನಮ್ಮ ಮನೆಗೆ ಬರುತ್ತಿತ್ತು. ಸಂಜೆ ನಮ್ಮ ಬುಟ್ಟಿಯಲ್ಲಿ ಓಣಿಯವರ ರೊಟ್ಟಿಯೇ ಜಾಸ್ತಿ. ಯಾರಿಗೆ ಹುಷಾರಿಲ್ಲ, ಯಾರ ಮಗಳು ಇನ್ನೂ ಬಂದಿಲ್ಲ, ಆ ಸುದ್ದಿಯೂ ತಾಟಿನ ಜೊತೆಗೇ ಬರುತ್ತಿತ್ತು. ನಿಮ್ಮ ಹಬ್ಬವೂ ಇಲ್ಲಿಂದಲೇ ಶುರುವಾಗಲಿ. ಪ್ರತಿ ಮನೆಯವರೂ ತಮಗೆ ಗೊತ್ತಿಲ್ಲದ ಎರಡು ಮನೆಗೆ ರೊಟ್ಟಿ ಒಯ್ದು ಕೊಡಲಿ. ಹಬ್ಬದ ದಿನವೂ ಕ್ಯಾಟರಿಂಗ್ ಬೇಡ. ಡಂಬಳದ ರೊಟ್ಟಿ ಜಾತ್ರೆಯಲ್ಲಿ ಮನೆಮನೆಯಿಂದ ಬಂದ ರೊಟ್ಟಿಯನ್ನೇ ಅಲ್ವಾ ಎಲ್ಲರೂ ಒಟ್ಟಿಗೆ ಕೂತು ಕರಿಂಡಿ ಹಚ್ಚಿಕೊಂಡು ಉಣ್ಣುವುದು? ರೊಟ್ಟಿ ತಂದವರು ಯಾರೂ ಅಲ್ಲಿ ಬರೀ ನೋಡುವವರಾಗಿ ಉಳಿಯುವುದಿಲ್ಲ.

ಹಾಗಂತ ನಮ್ಮ ಗದಗಿನ ಪದ್ಧತಿಯನ್ನೇ ಎಲ್ಲರ ಮೇಲೆ ಹೇರಬೇಡ. ಮಂಗಳೂರು ಕಡೆಯವರು ಅರಿಶಿನ ಎಲೆಯ ಕಡುಬು ಮಾಡುತ್ತಾರೆ. ಮೈಸೂರು ಕಡೆಯವರು ಚಿಗಳಿ, ತಂಬಿಟ್ಟು ತರಲಿ. ನಮ್ಮ ಶೇಂಗಾ ಉಂಡಿ, ಅಳ್ಳಿಟ್ಟಿನ ಪಕ್ಕದಲ್ಲೇ ಅವೂ ಇರಲಿ.

ಮಕ್ಕಳ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಕನ್ನಡ ತಡವರಿಸುವ ಮಗುವನ್ನು ಸ್ಟೇಜ್ ಹತ್ತಿಸಿ ಬಾಯಿಪಾಠ ಒಪ್ಪಿಸಬೇಡಿ. ಪಾರ್ಕಿನವರ ಪರ್ಮಿಷನ್ ಪಡೆದು ಗಟ್ಟಿಮುಟ್ಟಾದ ಜೋಕಾಲಿ ಕಟ್ಟಿ. ಮಣ್ಣು ಕೊಟ್ಟು ನಾಗಪ್ಪನನ್ನು ಅವರ ಕೈಯಲ್ಲೇ ಮಾಡಿಸಿ. ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ತಿರುಗಿಸುವುದು, ನಿಂಬೆಹಣ್ಣು ಎಸೆಯುವ ಪಂದ್ಯ, ಇವನ್ನು ಅಜ್ಜಂದಿರು ಕಲಿಸಲಿ. ಆಟದಲ್ಲಿ ಜಗಳ ಬಂದರೆ ಕನ್ನಡ ತಾನಾಗಿ ಬಾಯಿಗೆ ಬರುತ್ತದೆ.

ಇಷ್ಟು ಸಣ್ಣ ಹಬ್ಬದಿಂದ ಏನಾಗುತ್ತೆ ಅಂತ ಯಾರಾದರೂ ಕೇಳಿದರೆ ಧಾರವಾಡದ ಕಥೆ ಹೇಳು. 1890ರಲ್ಲಿ ರಾ.ಹ. ದೇಶಪಾಂಡೆಯವರು ಕನ್ನಡದ ಕೆಲಸಕ್ಕೆ ಅಂತ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದಾಗ ನಮ್ಮ ಸೀಮೆ ಮುಂಬೈ ಪ್ರಾಂತದಲ್ಲಿತ್ತು. ಉಳಿದ ಕನ್ನಡಿಗರು ಮೈಸೂರು, ಮದ್ರಾಸ್, ಹೈದರಾಬಾದ್, ಕೊಡಗು ಅಂತ ಹಂಚಿಹೋಗಿದ್ದರು. ಒಂದು ರಾಜ್ಯವಾದದ್ದು 1956ರಲ್ಲಿ. ಅಷ್ಟೂ ವರ್ಷ ಜನ ಕೂಡುವುದನ್ನು ಬಿಡಲಿಲ್ಲ. ನಿಮಗೆ ಮೊದಲ ವರ್ಷ ಹತ್ತು ಮನೆಯವರು ಬಂದರೂ ಸಾಕು.

ಪಂಚಮಿ ವಾರದ ನಡುವೆ ಬಂದರೆ ಹತ್ತಿರದ ಶನಿವಾರ ಇಟ್ಟುಕೊಳ್ಳಿ, ತಪ್ಪೇನಿಲ್ಲ. ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಜಾಸ್ತಿಯೇ ಕುಟ್ಟಿ ಕಳಿಸುತ್ತೇನೆ. ಸಜ್ಜೆ ಹಿಟ್ಟು ಅಲ್ಲಿ ಸಿಗುತ್ತಾ ನೋಡಿ ಬೇಗ ತಿಳಿಸು. ಸಿಗದಿದ್ದರೆ ಇಲ್ಲೇ ಬೀಸಿಸುತ್ತೇನೆ.

ನಿನ್ನ ಅವ್ವ,
ಗದಗ