ಕೃಪಾಂಕ ಬಿಟ್ಟು ಎಷ್ಟು? ಅದನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ನಂಬಿ ಮಕ್ಕಳನ್ನು ವಿಜ್ಞಾನಕ್ಕೆ ಸೇರಿಸಬೇಕೋ, ವಾಣಿಜ್ಯಕ್ಕೋ, ಐಟಿಐಗೋ ಎಂದು ತೀರ್ಮಾನಿಸುವ ನಮ್ಮಂತಹ ಪೋಷಕರಿಗೆ, ಆ ಅಂಕಗಳು ನಿಜಕ್ಕೂ ಏನನ್ನು ಅಳೆಯುತ್ತಿವೆ ಎಂಬ ಅನುಮಾನ ಬಲವಾಗುತ್ತಿದೆ. 2023ರಲ್ಲಿ ಶೇ 83.89ರಷ್ಟಿದ್ದ ರಾಜ್ಯದ ಫಲಿತಾಂಶ, ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ತೇರ್ಗಡೆಗೆ ಕಡಿಮೆ ಬಿದ್ದವರಿಗೆ ಹೆಚ್ಚುವರಿಯಾಗಿ ಸೇರಿಸಿ ಕೊಡುವ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಾದ ಅರ್ಹತಾ ಅಂಕವನ್ನು ಶೇ 35ರಿಂದ 25ಕ್ಕೆ ತಗ್ಗಿಸಿದ ಮೇಲೆ. ಮರುವರ್ಷ ಕೃಪಾಂಕ ಕೈಬಿಟ್ಟಾಗ ಮೊದಲ ಪರೀಕ್ಷೆಯ ಫಲಿತಾಂಶ ಮತ್ತಷ್ಟು ಕುಸಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಕಲಿಕೆ ಇಷ್ಟೊಂದು ಕುಗ್ಗಿರಲಾರದು. ಹಾಗಾದರೆ ಹಿಂದಿನ ಅಂಕಗಳಲ್ಲಿ ಓದಿನ ಪಾಲೆಷ್ಟು, ಸಡಿಲ ಮೇಲ್ವಿಚಾರಣೆಯ ಪಾಲೆಷ್ಟು ಎಂಬುದನ್ನು ಇಲಾಖೆ ಈವರೆಗೆ ಬಿಡಿಸಿ ಹೇಳಿಲ್ಲ.

ವೆಬ್‌ಕಾಸ್ಟಿಂಗ್ ಬೇಡವೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ಓದಿದ ಮಗುವಿಗೆ ಅದರಿಂದ ನ್ಯಾಯವೇ ಸಿಗುತ್ತದೆ. ಆದರೆ ಒಟ್ಟು 625 ಅಂಕಗಳಲ್ಲಿ 125 ಅಂಕಗಳು ಶಾಲೆಯೇ ನೀಡುವ ಆಂತರಿಕ ಮೌಲ್ಯಮಾಪನದವು, ಅಲ್ಲಿಗೆ ಯಾವ ಕ್ಯಾಮೆರಾವೂ ತಲುಪುವುದಿಲ್ಲ. ಮಂಡ್ಯ ಜಿಲ್ಲೆ ಈ ಬಾರಿ ಎಷ್ಟನೇ ಸ್ಥಾನಕ್ಕೆ ಏರಿತು, ಎಷ್ಟಕ್ಕೆ ಇಳಿಯಿತು ಎಂಬುದೇ ಫಲಿತಾಂಶದ ದಿನದ ದೊಡ್ಡ ಸುದ್ದಿಯಾಗಿ, ಮುಖ್ಯ ಶಿಕ್ಷಕರು ಅದಕ್ಕೆ ಉತ್ತರ ಹೇಳಬೇಕಾದ ಸ್ಥಿತಿ ಇರುವಾಗ, ಆ ಅಂಕಗಳನ್ನು ಬಿಗಿಯಾಗಿ ಕೊಡಿ ಎಂದು ಶಿಕ್ಷಕರೊಬ್ಬರನ್ನೇ ಕೇಳುವುದು ಸರಿಯಲ್ಲ. (ಜಿಲ್ಲಾವಾರು ಪಟ್ಟಿಯಿಂದ ಯಾವ ಮಗುವಿಗೆ ಏನು ಉಪಯೋಗವಾಯಿತೋ ನನಗೆ ತಿಳಿಯದು.)

ಚಿಕ್ಕ ಮಕ್ಕಳ ವಿಷಯದಲ್ಲಂತೂ ಗೊಂದಲ ಇನ್ನೂ ಹೆಚ್ಚು. ಎಂಟನೇ ತರಗತಿ ಮುಗಿಯುವವರೆಗೆ ಮಗು ಬೋರ್ಡ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತಿದ್ದರೂ, 2024ರ ಮಾರ್ಚ್‌ನಲ್ಲಿ 5, 8 ಮತ್ತು 9ನೇ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ನಡೆಸಲಾಯಿತು. ಈ ಪರೀಕ್ಷೆಯನ್ನು ಹೈಕೋರ್ಟ್ ಏಕಸದಸ್ಯ ಪೀಠ ರದ್ದುಪಡಿಸಿದರೂ, ಆ ಆದೇಶಕ್ಕೆ ವಿಭಾಗೀಯ ಪೀಠ ತಡೆ ನೀಡಿದ್ದರಿಂದ ಪರೀಕ್ಷೆ ಆರಂಭವಾಯಿತು; ಮರುದಿನವೇ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿ ಪರೀಕ್ಷೆ ನಿಂತಿತು. ಉಳಿದ ವಿಷಯಗಳಿಗೆ ವಾರಗಟ್ಟಲೆ ಕಾದು ಬರೆದ ಮಕ್ಕಳ ಫಲಿತಾಂಶಕ್ಕೆ ಏಪ್ರಿಲ್ 8ರಂದು ಮತ್ತೆ ತಡೆ ಬಿತ್ತು. ಹತ್ತು ವರ್ಷದ ಮಗು ಬರೆದ ಉತ್ತರದಿಂದ ಶಿಕ್ಷಕರೂ ಏನನ್ನೂ ತಿಳಿಯಲಿಲ್ಲ, ಪೋಷಕರೂ ತಿಳಿಯಲಿಲ್ಲ.

ಆದ್ದರಿಂದ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಕೃಪಾಂಕ ನೀಡಿದ ವರ್ಷಗಳ ಫಲಿತಾಂಶವನ್ನು ಕೃಪಾಂಕ ಸೇರಿಸಿ ಮತ್ತು ಬಿಟ್ಟು, ಎರಡೂ ರೀತಿಯಲ್ಲಿ ಪ್ರಕಟಿಸಬೇಕು. ಆಂತರಿಕ ಅಂಕಗಳ ದಾಖಲೆಯನ್ನು ಬೇರೆ ತಾಲ್ಲೂಕಿನ ಶಿಕ್ಷಕರಿಂದ ಅಲ್ಲಲ್ಲಿ ಪರಿಶೀಲಿಸಬೇಕು. ಮೌಲ್ಯಮಾಪನವಾದ ಉತ್ತರ ಪತ್ರಿಕೆಯ ಪ್ರತಿಯನ್ನು ಕೇಳಿದ ಪ್ರತಿ ವಿದ್ಯಾರ್ಥಿಗೂ ಉಚಿತವಾಗಿ ಕೊಡಬೇಕು. ಅನುತ್ತೀರ್ಣರಾದವರಿಗೆ ಮುಂದಿನ ಪರೀಕ್ಷೆಯ ಅರ್ಜಿ ಸಲ್ಲಿಸುವ ಗಡುವಿಗೆ ಮೊದಲೇ ಆ ಪ್ರತಿ ಕೈಸೇರಿದರೆ, ಎಲ್ಲಿ ಎಡವಿದೆವು ಎಂದು ತಿಳಿದು ಓದಲು ಅವರಿಗೆ ಸಮಯ ಸಿಗುತ್ತದೆ.

— ಹತ್ತನೇ ತರಗತಿ ವಿದ್ಯಾರ್ಥಿನಿಯ ತಂದೆ, ಮಂಡ್ಯ